ಅಡಿಮೈ ಮೇಲಾಗಿ

ದೀಪ ಆರಿಸುವ ಮೊದಲು ತ್ಸೋನಾ ಅಜ್ಜಿ
ಮಂಚದ ಸುತ್ತ ಹುರುಳಿಕಾಯಿ ಎಲೆ ಹಾಸುತ್ತಿದ್ದಳು.
ಬಳ್ಳಿಯಿಂದ ಆಗಷ್ಟೆ ಕಿತ್ತದ್ದು,
ಒರಟು ಅಡಿಮೈ ಮೇಲಾಗಿ.
"ತುಳಿದೀಯೆ, ಹುಷಾರು!"
ಉಚ್ಚೆ ಬಂದರೂ ಬಿಗಿಹಿಡಿದು ಮಲಗಿದ್ದೇನೆ
ಎಷ್ಟೋ ರಾತ್ರಿ.

ಕತ್ತಲು ಗಟ್ಟಿಯಾದ ಮೇಲೆ ಹೊರಡುತ್ತಿದ್ದವು ತಿಗಣೆಗಳು
ಗೋಡೆಯ ಬಿರುಕಿಂದ, ಸಂತನ ಪಟದ ಹಿಂದಿಂದ,
ತಾತನ ಸೈನ್ಯದ ಕೋಟಿನ ಹೊಲಿಗೆಯಿಂದ
ನಮ್ಮ ಉಸಿರಿನ ಬಿಸಿಯ ಜಾಡು ಹಿಡಿದು.
ಎಲೆಯ ತುಂಬ ಕಣ್ಣಿಗೆ ಕಾಣದ ಕೊಕ್ಕೆ.
ಒಂದು ಕಾಲು ಸಿಕ್ಕಿತೋ,
ಬಿಡಿಸಿಕೊಳ್ಳಲು ಎಳೆದಷ್ಟೂ ಇನ್ನೊಂದು.

ಬೆಳಿಗ್ಗೆ ಗುಡಿಸಿ ಒಲೆಗೆ.
ಚಟಪಟ.
ಕೊಳೆತ ರಾಸ್ಬೆರಿ ವಾಸನೆ.
ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಬರೆದಿಡುವಳು:
ಮಂಗಳವಾರ ನಲವತ್ತೊಂದು.
ಬುಧವಾರ ಮಳೆ, ಹನ್ನೆರಡೇ.

ಈಗ ಸೋಫಿಯಾ, ಆರನೇ ಮಹಡಿ.
ಔಷಧಿಯವನು ಬಂದಿದ್ದಾನೆ ಮೂರನೇ ಸಲ,
ಹಾಸಿಗೆ ಎತ್ತಿ ಅಂಚಂಚಿಗೂ ಟಾರ್ಚು ಬಿಡುತ್ತಾನೆ.
ಬಟ್ಟೆಯೆಲ್ಲ ಕುದಿನೀರಿಗೆ ಹಾಕಿ,
ಮಂಚ ಗೋಡೆಗೆ ತಾಗಕೂಡದು,
ಮೊಟ್ಟೆ ಒಡೆಯುವ ಹೊತ್ತಿಗೆ ಮತ್ತೆ ಬರುತ್ತೇನೆ,
ಅಷ್ಟರಲ್ಲಿ ಪಕ್ಕದ ಮನೆಗೂ ಹೇಳಿಬಿಡಿ.

ಪಕ್ಕದ ಮನೆಗೆ ಹೇಳುವುದೆ!
ಮೆಟ್ಟಿಲಲ್ಲಿ ದೋಬ್ರೆವಾ ಎದುರಾದರೆ
ಅಂಗಿಯ ತೋಳು ಇಳಿಸಿಕೊಂಡು
ಲಿಫ್ಟ್ ಕೆಟ್ಟದ್ದರ ಮಾತಾಡುತ್ತೇನೆ.
ಅವಳೂ ಈ ಸೆಕೆಯಲ್ಲಿ
ಮಣಿಕಟ್ಟಿನವರೆಗೆ ಗುಂಡಿ ಹಾಕಿದ್ದಾಳೆ.

ನಿನ್ನೆ ಬಾಲ್ಕನಿಯ ಕುಂಡದಲ್ಲಿ
ನಾಲ್ಕು ಹುರುಳಿಕಾಯಿ ಬೀಜ ಊರಿದೆ.
ನೀರು ಹಾಕಿ ತಲೆಯೆತ್ತಿದರೆ
ಪಕ್ಕದ ಕಂಬಿಗೆ
ದೋಬ್ರೆವಾಳ ಬಳ್ಳಿ ಹಬ್ಬಿದೆ ಆಗಲೇ ಎರಡು ಮೊಳ,
ಕೆಳಗಿನ ಎಲೆಗಳೆಲ್ಲ ಕಿತ್ತು
ಬೋಳು.