ಇಪ್ಪತ್ತೆಂಟು ದಿನ

ಪಾಸ್‌ಪೋರ್ಟಿಗೆ ಮನೆತನದ ಹೆಸರು ಬೇಕಿತ್ತು.
ನಮಗೆ ಅಂಥದ್ದೊಂದು ಇರಲಿಲ್ಲ, ಅಪ್ಪನ ಹೆಸರು ಬರೆದೆ.
ಸೀಟು ಸಿಕ್ಕ ಪತ್ರ ಬಂದದ್ದು
'ಪ್ರಿಯ ಮಿಸ್ ಬೋರಯ್ಯ' ಎಂದು.
ಗೂಡ್ಸ್ ಆಟೋದಲ್ಲಿ ಕೂತೇ ಎರಡು ಸಲ ಓದಿಸಿಕೊಂಡು
ಅಪ್ಪ ಅಂದ: 'ಅರ್ಧ ನಂಗೂ ಬಂದದೆ.'

ಓದಲು ಹೊರಟಿರುವುದು ಮಣ್ಣು.
ನಾಲೆ ನೀರು ಕುಡಿಕುಡಿದು
ಮೈತುಂಬ ಉಪ್ಪು ಬಿಳಿಚಿಕೊಂಡ ಚೌಳು ಮಣ್ಣು.
'ನಮ್ ಮಣ್ಣ ಓದಕ್ಕೆ ಅಲ್ಲೀಗಂಟ ಹೋಗ್ಬೇಕಾ ಮಗ?'
ಅಜ್ಜಿಯ ಪ್ರಶ್ನೆ. ವೀಸಾದವರೂ
ಇದನ್ನೇ ಇಂಗ್ಲಿಷಿನಲ್ಲಿ ಕೇಳುತ್ತಾರಂತೆ.
ಇಬ್ಬರಿಗೂ ಉತ್ತರ ತಯಾರಾಗಿಲ್ಲ.

ನೂರಡಿ ರಸ್ತೆಯ ಸ್ಟುಡಿಯೋದಲ್ಲಿ ಬಿಳಿ ಪರದೆ.
ಕಿವಿ ಕಾಣಬೇಕು, ಹಲ್ಲು ಕಾಣಬಾರದು.
ಹೂ ತೆಗೀರಿ ಅಂದರು, ತೆಗೆದೆ.
ಕೈಯಲ್ಲಿ ಹಿಡಿದ ಕನಕಾಂಬರ
ಫೋಟೋದ ಕೆಳಗೆ, ಚೌಕಟ್ಟಿನಾಚೆ ಉಳಿಯಿತು.

ಆಮೇಲೆ ದುಡ್ಡು.
ಇಷ್ಟು ಮೊತ್ತ, ಇಷ್ಟು ದಿನ,
ಖಾತೆಯಲ್ಲಿ ಮಗ್ಗುಲು ಬದಲಿಸದೆ ಮಲಗಿರಬೇಕು.
ಒಂದು ದಿನ ಒಂದು ರೂಪಾಯಿ ಇಳಿದರೂ
ಮತ್ತೆ ಒಂದರಿಂದ ಎಣಿಕೆ.
ಬ್ಯಾಂಕಿನ ಸಾಲ ಮುಕ್ಕಾಲು ಪಾಲು ಬಂತು.
ಉಳಿದ ಕಾಲಿಗೆ ಅವ್ವನ ಸರ ಅಡವಾಯಿತು,
ಕಂಡಕ್ಟರ್ ದೊಡ್ಡಪ್ಪನ ನಿವೃತ್ತಿಯ ಗಂಟು ಬಿಚ್ಚಿತು,
ಸ್ಟೇಷನ್ ಮುಂದೆ ಇಡ್ಲಿ ಗಾಡಿ ಇಟ್ಟ ಸಣ್ಣಮ್ಮತ್ತೆ
ಎತ್ತಿದ ಚೀಟಿ ಹಾಗೆ ಹಾಗೇ ಬಂತು.
ಅವಳ ನೋಟಿಗೆಲ್ಲ ಒಗ್ಗರಣೆಯ ಘಮ.
ಎಣಿಸುತ್ತಿದ್ದ ಕ್ಯಾಷಿಯರ್ ಒಮ್ಮೆ ನಿಲ್ಲಿಸಿ
ಗಡಿಯಾರ ನೋಡಿದ.

'ಕೋಳಿ ಕೂರೋದು ಇಪ್ಪತ್ತೊಂದ್ ದಿನ' ಅಂದಳು ಅಜ್ಜಿ.
'ಇದೇನ್ಲಾ ಬೋರ, ಬಾತುಕೋಳಿ ದುಡ್ಡಾ?'

ದಿನಾ ಬೆಳಗ್ಗೆ ಫೋನು ತೆರೆದು ನೋಡುವೆವು,
ಬುಟ್ಟಿಯ ಮುಚ್ಚಳ ಒಂಚೂರು ಸರಿಸಿ ನೋಡುವಂತೆ.
ಆರನೆಯ ದಿನ ಮೆಸೇಜಿನ ಖರ್ಚೆಂದು
ಬ್ಯಾಂಕು ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಕೊಕ್ಕಿತು.
ನನ್ನ ಎದೆ ಧಸಕ್ಕೆಂದಿತು.
ಅಪ್ಪ ಮೊದಲೇ ಐನೂರು ಹೆಚ್ಚಿಗೆ ಹಾಕಿದ್ದ:
'ಬಾಡ್ಗೆ ದುಡ್ಡಲ್ಲೂ ಹಿಂಗೇಯ ಮುರ್ಕತರೆ.'

ಹತ್ತೊಂಬತ್ತು.
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಬೀದಿಗೆಲ್ಲ ಅಂಟಿಕೊಂಡಿದ್ದ ಬೆಳಗು.
ಗಾಡಿ ತಳ್ಳುವಾಗ ಮಾವ ಜಾರಿ ಬಿದ್ದರು, ತೊಡೆಮೂಳೆ.
ರಾಡು ಹಾಕಬೇಕು, ನಾಳೆಯೇ.
ಅತ್ತೆ ಫೋನು ಮಾಡಲಿಲ್ಲ.
ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ,
ಅವ್ವ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.
ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತೆಯೇ ಕೇಳಿದಳು:
'ಎಷ್ಟ್ ದಿನ ಆಯ್ತು?'
ಹೇಳಿದೆ.
'ಮುಟ್ಬೇಡ. ಕಾವು ಆರೋಯ್ತದೆ.'

ಆಮೇಲಿನ ವಾರ ಸ್ಟೇಷನ್ ಮುಂದೆ
ಅದೇ ಗಾಡಿಯಲ್ಲಿ ಯಾರೋ ಗೋಬಿ ಕರಿಯುತ್ತಿದ್ದರು.
ಹೊಸ ಬಣ್ಣದ ಕೆಳಗಿಂದ ಹಳೆಯ ಅಕ್ಷರ
'ಸಣ್ಣ' ಎಂಬಷ್ಟು ಕಾಣುತ್ತಿತ್ತು.

ಇಪ್ಪತ್ತೊಂಬತ್ತನೆಯ ದಿನ ಸೀಲು ಬಿತ್ತು, ತುಸು ಓರೆಯಾಗಿ.
ಪುಟ ತಿರುವಿ ತಿರುವಿ ಹುಡುಕಿದೆ.
ಅತ್ತೆ ಎಲ್ಲೂ ಇಲ್ಲ,
'ನಗದು ಜಮೆ' ಎಂದಿತ್ತು, ಒಂದೇ ಸಾಲು.

ಸೈಬರ್ ಅಂಗಡಿಯಲ್ಲಿ ಅರ್ಜಿಯ ಕೊನೆಯ ಪುಟ.
ಈ ಹಣ ಯಾರದು?
ಸ್ವಂತದ್ದು, ತಂದೆತಾಯಿಯದು, ಇತರೆ.
ಮೂರು ಖಾಲಿ ಚೌಕ.
ಮೌಸ್ ಹಿಡಿದ ಹುಡುಗ ತಿರುಗಿ ನೋಡಿದ:
'ಬೇಗ ಹೇಳಿ ಅಕ್ಕ,
ಹಿಂದೆ ಪಹಣಿಗೆ ಜನ ನಿಂತವ್ರೆ.'