ಇವರನ್ನ ತೆಗೀಬೇಕು

ಖಾಲಿ ಮೀನುಬುಟ್ಟಿಯನ್ನು ಮೆಟ್ಟಿಲ ಮೇಲೇ ಬಿಟ್ಟು
ಮುದಗಾದ ಚಂದ್ರಭಾಗಾ ಹರಿಕಂತ್ರ
ಪ್ಲಾಸ್ಟಿಕ್ ಚೀಲದೊಳಗಿನ ಪ್ಲಾಸ್ಟಿಕ್ ಚೀಲ ಬಿಚ್ಚಿ
ಒಂದು ಫೋಟೊ ಚಾಚಿದಳು:
"ಇದರಿಂದ ಇವರನ್ನ ತೆಗೀಬೇಕು."

ಹಿಂಬದಿಗೆ ನಮ್ಮದೇ ಸ್ಟುಡಿಯೊದ ಸೀಲು.
ಅಪ್ಪ ತೆಗೆದದ್ದು, ಇವರ ಮದುವೆಯಾದ ವರ್ಷ.
ಜೋಡಿಯ ಬೆನ್ನಿಗೆ ಪರದೆಯ ಮೇಲಿನ ಬಣ್ಣದ ಕಡಲು.
ಎರಡು ಫರ್ಲಾಂಗಿನಾಚೆ ನಿಜದ್ದೇ ಇರುವಾಗ
ಕಾರವಾರದಲ್ಲಿ ಇದ್ಯಾಕೆ ಎಂದರೆ
"ಅದು ಅಲ್ಲಾಡ್ತದೆ ಮಾರಾಯ" ಅನ್ನುತ್ತಿದ್ದ.

ಮೂರು ರಾತ್ರಿ ಕೂತು ತೆಗೆದೆ.
ಕೂದಲಂಚು, ಕಿವಿಯ ಹಿಂದಿನ ನೆರಳು,
ಕಾಲರಿಗೆ ಅಂಟಿದ್ದ ಅವಳ ಅಬ್ಬಲಿಗೆಯ ಒಂದೆಸಳು
ಎಲ್ಲ ಬಿಡಿಸಿ
ಹಿಂದೆ ತಿಳಿಬೂದು ಹಾಕಿ
ಹನ್ನೆರಡು ಹದಿನಾರಕ್ಕೆ ಹಿಗ್ಗಿಸಿ ಕಟ್ಟು ಹಾಕಿಸಿದೆ.
ಹಾರಕ್ಕಿರಲೆಂದು ಮೇಲೆರಡು ಕೊಕ್ಕೆ.
ಏನನ್ನೂ ಕೇಳಲಿಲ್ಲ ನಾನು. ಇಂಥದ್ದನ್ನು ಕೇಳಬಾರದು;
ಹೇಳದ್ದನ್ನು ಕೇಳಿಸಿಕೊಳ್ಳುವುದೇ
ಈ ಅಂಗಡಿಯ ಅರ್ಧ ಕಸುಬು.

ಶನಿವಾರ ಬಂದಳು. ನೋಡಿದಳು.
ಬಾಯಿಗೆ ಸೆರಗು ಹೋಯಿತು. ಅಳು ಅಂದುಕೊಂಡೆ,
ನಗು.
"ತೆಗೀರಿ ಅಂದ್ರೆ ಇವರನ್ನೇ ತೆಗ್ದು ಇಟ್ಟೀರಲ್ಲ!
ಸತ್ತಿಲ್ಲ ಅವರು. ವಾಸ್ಕೋದಲ್ಲಿ ಇದ್ದಾರೆ,
ಬೇರೆ ಮನೆ, ಬೇರೆ ಹೆಂಡತಿ.
ನಂಗೆ ಬೇಕಾದ್ದು ಉಳಿದದ್ದು."
ಬಹುವಚನ ಮಾತ್ರ ಬಿಟ್ಟಿರಲಿಲ್ಲ ಅವಳು.

ಫೋಟೊ ತೆಗೆಯುತ್ತೇವೆ, ಕಲೆ ತೆಗೆಯುತ್ತೇವೆ,
ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತೇವೆ.
ಎಷ್ಟು ಕಡೆ ತಿರುಗುತ್ತದೆ ಈ ಬಿಜಾಗರಿ,
ಬೆರಳು ಸಿಕ್ಕಿಕೊಳ್ಳುವ ತನಕ ತಿಳಿಯುವುದಿಲ್ಲ.

ಉಳಿದದ್ದನ್ನು ಕಂಪ್ಯೂಟರಿನಲ್ಲಿ ತೋರಿಸಿದೆ.
ಅವನಿದ್ದ ಜಾಗಕ್ಕೆ ಅಪ್ಪನ ಕಡಲನ್ನೇ ಎಳೆದು ತುಂಬಿದೆ.
ಈಗ ಅವಳು, ನೀಲಿ,
ಮತ್ತು ಅವಳ ಎಡಹೆಗಲ ಮೇಲೆ ನಾಲ್ಕು ಬೆರಳು.
ತೋಳಿಲ್ಲ, ಆಳಿಲ್ಲ.
ಕೈ ಬಿಟ್ಟು ಹೋದ, ಕೈ ಬಿಟ್ಟು ಹೋದ
ಎಂದು ಎಷ್ಟು ಮನೆಯ ಸುದ್ದಿ ಕೇಳಿಲ್ಲ;
ಬಿಟ್ಟುಹೋದ ಕೈ ಕಂಡದ್ದು ಇದೇ ಮೊದಲು.

"ಇದನ್ನೂ ಅಳಿಸಲಾ?"
ಅವಳ ಕೈ ಹೆಗಲಿನ ಆ ಜಾಗಕ್ಕೆ ಹೋಯಿತು,
ಸೆರಗು ಸರಿಮಾಡಲಿಕ್ಕೋ ಏನೋ.
"ಇರ್ಲಿ" ಅಂದಳು.
ಇರಲಿ ಎಂದರೆ ಇರಲಿ ಎಂದೋ, ಹೋಗಲಿ ಎಂದೋ,
ಈ ಸಲವೂ ಕೇಳಲಿಲ್ಲ.
ದುಡ್ಡೆಣಿಸಿಟ್ಟು "ಬತ್ತೆ" ಎನ್ನುತ್ತ ಹೊರಟೇಹೋದಳು.

ದೊಡ್ಡ ಫೋಟೊ ನನಗೇ ಬಿತ್ತು. ಕಟ್ಟಿನ ಖರ್ಚೂ.
ಎಸೆಯಲು ಮನಸ್ಸಾಗದೆ
ಗಾಜಿನ ಕಪಾಟಿನಲ್ಲಿಟ್ಟೆ, ಮಾದರಿಗೆಂದು:
ಬೂದು ಹಿನ್ನೆಲೆ, ಎದೆಯವರೆಗೆ ಒಬ್ಬನೇ ಗಂಡಸು.
ಒಂದು ಹೂವಿಲ್ಲ, ಊದುಬತ್ತಿಯಿಲ್ಲ,
ಹುಟ್ಟಿದ ತಾರೀಕು ಕೂಡ ಬರೆದಿಲ್ಲ.

ಬೈತಖೋಲದ ಬೋಟಿನವನೊಬ್ಬ
ಆಧಾರ್ ಝೆರಾಕ್ಸಿಗೆ ಬಂದವನು
ಗಾಜಿನ ಮುಂದೆ ನಿಂತ. ಚಪ್ಪಲಿ ಕಳಚಿದ.
"ಅಯ್ಯೋ, ನಮ್ಮ ಉಮಾಕಾಂತ! ಯಾವಾಗ ಹೋದ?"

"ಎರಡು ವರ್ಷ ಆಯ್ತಂತೆ" ಅಂದೆ.
ಸುಳ್ಳೇನಲ್ಲ.

ಯಂತ್ರದ ಬೆಳಕು ಒಮ್ಮೆ ಆಚೆ ಹೋಗಿ ಈಚೆ ಬಂತು.
ಎರಡೂ ಬದಿ ಬೇಕಾ ಎಂದೆ.
ಒಂದೇ ಸಾಕು ಎಂದ
ಕಣ್ಣೊರೆಸಿಕೊಳ್ಳುತ್ತ.