ಹನ್ನೊಂದು ದಿನದ ಮಾರ್ಚ್

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು.
ಒಳಗೆ ಹೋದದ್ದೂ ಇದೇ ಬಾಗಿಲಿಂದ;
ಆರು ವರ್ಷದಲ್ಲಿ ಊದಿಕೊಂಡದ್ದು ಸೋಫಾವೋ ಚೌಕಟ್ಟೋ.
ಕಾಲು ಬಿಚ್ಚಿ, ಅಡ್ಡಡ್ಡ ತಿರುಗಿಸಿ,
ನಾನೂ ಅಕ್ಕನ ಮಗ ಓಡೆಲನೂ
ಒಬ್ಬರನ್ನೊಬ್ಬರು ಬಯ್ದುಕೊಂಡು ಇಳಿಸಿದೆವು.

ಟೊಲೀಡೊ. ಮಾರ್ಚ್ ಹನ್ನೊಂದು.
ಮಾಮೀ ನದಿಯಲ್ಲಿ ಮಂಜುಗಡ್ಡೆ ಬಿರಿಯುವ ಸದ್ದು
ಮೂರು ಬೀದಿ ದಾಟಿ ಕೇಳುತ್ತಿತ್ತು.

ಅಕ್ಕ ರೆನೆಟಾ ಮಾತ್ರ ಇನ್ನೂ ಒಳಗೆ,
ಒಲೆಯ ಗೂಡಿಗೆ ಹೆಗಲವರೆಗೆ ತೋಳು ತೂರಿಸಿ
ಉಜ್ಜುತ್ತಿದ್ದಳು.
ಮನೆ ಬಿಡಿಸಿಕೊಂಡವಳು ಒಲೆ ಯಾಕೆ ತೊಳೆಯಬೇಕು?
'ಠೇವಣಿ' ಅಂದಳು, ತಿರುಗದೆ. 'ಐನೂರು.'

ಕೋರ್ಟಿನಲ್ಲಿ ಅವಳ ಪಾಲಿಗೆ ಬಂದದ್ದು ನಾಲ್ಕು ನಿಮಿಷ.
ಬಾಡಿಗೆ ಕೊಟ್ಟಿದ್ದೀರಾ?
ಇಲ್ಲ, ಯಾಕೆಂದರೆ
ಆ 'ಯಾಕೆಂದರೆ' ಇನ್ನೂ ಅಲ್ಲೇ ಇರಬೇಕು,
ಬೆಂಚಿನ ಕೆಳಗೆ, ಒಂಟಿ ಕೈಗವಸಿನ ಹಾಗೆ.
ವೃದ್ಧಾಶ್ರಮದ ಮೂರನೆಯ ಮಹಡಿ ಮುಚ್ಚಿದ್ದು,
ವಾರಕ್ಕೆ ಐದು ರಾತ್ರಿಪಾಳಿ ಎರಡಾದದ್ದು,
ಎಲ್ಲ ಆ ಮಾತಿನ ಆಚೆ ಉಳಿಯಿತು.
ಇವತ್ತು ಮನೆಯ ವಿಚಾರ ಅಷ್ಟೇ, ಅಂದರು.
ದುಡ್ಡಿನದಕ್ಕೆ ಬೇರೆ ತಾರೀಖು.

ವ್ಯಾನಿಗೆ ಹಗ್ಗ ಬಿಗಿಯುತ್ತ ನಾನೇ ಹೇಳಿದೆ:
ಈ ಮನೆಯ ಋಣ ತೀರಿತು, ಬಿಡು.
ಹೊಸ ವಿಳಾಸ ಯಾರಿಗೂ ಕೊಡಬೇಡ.
ಕಾಗದ ಬಂದರೆ ಹರಿದು ಹಾಕು.
ಆ ಮುದುಕ ಸಾಬೊ ಕೋಲೂರಿಕೊಂಡು
ನಿನ್ನ ಹಿಂದೆ ಊರೆಲ್ಲ ತಿರುಗುತ್ತಾನೆಯೇ?

ಅನುಭವಸ್ಥನ ಮಾತು. ಸ್ಯಾಂಡಸ್ಕಿಯಿಂದ ನಾನು ಬಂದದ್ದು ಹಾಗೆ,
ರಾತ್ರಿ ಎರಡಕ್ಕೆ, ವ್ಯಾನಿನ ದೀಪ ಆರಿಸಿ.
ಒಂಬತ್ತು ವರ್ಷವಾಯಿತು.
ಗುರುತಿಲ್ಲದ ನಂಬರಿನ ಕರೆ ಇವತ್ತಿಗೂ ಎತ್ತುವುದಿಲ್ಲ.

ಅವಳು ಕೈ ಒರೆಸಿಕೊಂಡು
ಬೀಗದ ಕೈಯನ್ನು ಲಕೋಟೆಗೆ ಹಾಕಿದಳು.
ಮೇಲೆ ತಾರೀಖು ಬರೆದಳು, ಗಂಟೆಯನ್ನೂ: ಮೂರು ಇಪ್ಪತ್ತು.
ಪಕ್ಕದ ಮನೆಯ ಮೆಟ್ಟಿಲು ಹತ್ತಿ
ಸಾಬೊನ ನಡುಗುವ ಸಹಿ ಹಾಕಿಸಿಕೊಂಡು ಬಂದಳು.
'ಋಣ ತೀರಿತು' ಅಂದಳು, ವ್ಯಾನು ಹತ್ತುತ್ತ.
'ಬಾಕಿ ತೀರಲಿಲ್ಲ. ಎರಡೂ ಒಂದೇ ಅಂದುಕೊಂಡೆಯಾ?'

ಏಪ್ರಿಲಿನಲ್ಲಿ ನಾನೂ ಜೊತೆಗೆ ಹೋದೆ.
ಮುದುಕ ಕೇಳಿದ್ದು ಪೂರಾ ಮೂರು ತಿಂಗಳು,
ಎರಡು ಸಾವಿರದ ಮುನ್ನೂರ ನಲವತ್ತು ಡಾಲರು.
ಅಕ್ಕ, ಓಡೆಲನ ಗಣಿತದ ಪುಸ್ತಕದಿಂದ ಕಿತ್ತ
ಹಾಳೆಯೊಂದನ್ನು ಬಿಡಿಸಿದಳು.

ಜನವರಿ ನನ್ನದು. ಫೆಬ್ರವರಿ ನನ್ನದು.
ಮಾರ್ಚಿನಲ್ಲಿ ಹನ್ನೊಂದು ದಿನ ನನ್ನವು.
ಉಳಿದ ಇಪ್ಪತ್ತು ದಿನ ಆ ಸೂರಿನಡಿ
ನಾನು ಉಸಿರಾಡಿಲ್ಲ, ಅವು ನನ್ನವಲ್ಲ.
ಠೇವಣಿ ಕಳೆಯಿರಿ. ಒಲೆಯ ಫೋಟೊ ಇಲ್ಲಿದೆ.
ಫರ್ನೇಸು ಕೆಟ್ಟು ಕೂತ ಒಂಬತ್ತು ರಾತ್ರಿಗೆ
ಹೀಟರು ಕೊಂಡೆ, ಅರವತ್ತನಾಲ್ಕು, ರಸೀದಿ ಇದೆ, ಕಳೆಯಿರಿ.
ಮಿಕ್ಕಿದ್ದು ಕೊಡುತ್ತೇನೆ.
ಸೊನ್ನೆ ಮಾಡಿ ಅಂತ ಕೇಳಲು ಬಂದವಳಲ್ಲ.

'ಆ ಒಂಬತ್ತು ದಿನ ನಾನು ಆಸ್ಪತ್ರೆಯಲ್ಲಿದ್ದೆ' ಅಂದ ಸಾಬೊ.
'ಗೊತ್ತು. ನಿಮ್ಮ ಬೆಕ್ಕಿಗೆ ಊಟ ಹಾಕಿದ್ದು ನಾನೇ.
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.'

ಸಾವಿರದ ಇನ್ನೂರ ಎಪ್ಪತ್ತೆರಡು ಡಾಲರು, ಎಪ್ಪತ್ತೇಳು ಸೆಂಟು.
ಬರೆದುಕೊಂಡರು. ಮುದುಕ ತಲೆಯಾಡಿಸಿದ,
ಒಪ್ಪಿದ್ದೋ ಸುಸ್ತೋ ತಿಳಿಯಲಿಲ್ಲ.
ಹೊರಗೆ ಬಂದು ಅಕ್ಕ ಗೋಡೆಗೆ ಒರಗಿ
ಸ್ವಲ್ಪ ಹೊತ್ತು ಬೂಟಿನ ದಾರ ಕಟ್ಟಿದಳು,
ಬಿಚ್ಚಿರದ ದಾರ.

ತಿಂಗಳಿಗೆ ಐವತ್ತು. ಮನಿ ಆರ್ಡರಿನ ರಸೀದಿಗಳು
ಬಿಸ್ಕತ್ತಿನ ಡಬ್ಬಿಯಲ್ಲಿ.
ಲಾಂಡ್ರಿಯ ಮೇಲಿನ ಅವಳ ಎರಡು ಕೋಣೆಗೆ
ಸೋಫಾ ಹಿಡಿಸಲಿಲ್ಲ; ನನ್ನಲ್ಲಿದೆ,
ಒಂದು ಕಾಲಿಗೆ ಇಟ್ಟಿಗೆ ಕೊಟ್ಟು.

ನಿನ್ನೆ ರಾತ್ರಿ ಅದರ ಮೇಲೆ ಕೂತಿದ್ದೆ.
ಫೋನು ಬಡಿದುಕೊಂಡಿತು, ಗುರುತಿಲ್ಲದ ನಂಬರು.
ಎತ್ತಲಿಲ್ಲ.
ನಿಂತ ಮೇಲೆ, ಸ್ಯಾಂಡಸ್ಕಿಯ ಆ ಕೊನೆಯ ತಿಂಗಳಲ್ಲಿ
ಎಷ್ಟು ದಿನ ನನ್ನವು ಅಂತ
ಬೆರಳು ಮಡಿಚತೊಡಗಿದೆ.